ಮೂರು ದಿನದಲ್ಲಿ ಮುಗಿದ ಸಂಸಾರ

ವಿಯೆನ್ನಾದ ಬೆಲ್ವೆಡೇರ್ ಅರಮನೆಗೆ ಹೋದವರೆಲ್ಲ ಚಿತ್ರಕಾರ ಕ್ಲಿಮ್ಟ್‌ನ ಬಂಗಾರದ 'ಚುಂಬನ'ದ ಮುಂದೆ ಫೋನ್ ಎತ್ತಿಕೊಂಡು ನಿಲ್ಲುತ್ತಾರೆ. ನಾವೂ ನಿಂತೆವು, ಸುಳ್ಳು ಯಾಕೆ ಹೇಳಲಿ. ನೂಕುನುಗ್ಗಲು ಸಾಕಾಗಿ ಬೇರೆ ಕೋಣೆಗಳನ್ನು ಸುತ್ತುವಾಗ ಕಂಡಿದ್ದು ಎಗೋನ್ ಶೀಲೆ ಬರೆದ 'ಕುಟುಂಬ'. ಕುಕ್ಕರಗಾಲಲ್ಲಿ ಕೂತ ಗಂಡಸು, ಅವನ ಮುಂದೆ ಹೆಂಗಸು, ಅವಳ ಕಾಲ ಬಳಿ ಬಟ್ಟೆ ಸುತ್ತಿಕೊಂಡ ಒಂದು ಮಗು. ಮೂರೂ ಜನ ಒಂದೊಂದು ಕಡೆ ನೋಡುತ್ತಿದ್ದಾರೆ.

ಚಿತ್ರ 1918ರದ್ದು. ಆ ವರ್ಷ ಫೆಬ್ರವರಿಯಲ್ಲಿ ಕ್ಲಿಮ್ಟ್ ತೀರಿಕೊಂಡಾಗ ಹೆಣದ ಮುಖ ನೋಡಿ ಚಿತ್ರ ಬರೆದವನೂ ಇದೇ ಶೀಲೆ. ಮಾರ್ಚ್‌ನಲ್ಲಿ ಸೆಸೆಷನ್ ಅನ್ನೋ ಕಲಾವಿದರ ಸಂಘದ ಪ್ರದರ್ಶನದಲ್ಲಿ ಅವನ ಚಿತ್ರಗಳು ಚೆನ್ನಾಗಿ ಮಾರಾಟವಾದವು. ಕೈಗೆ ನಾಲ್ಕು ಕಾಸು ಬಂತು, ಹೆಂಡತಿ ಎಡಿತ್ ಬಸುರಿಯಾದಳು. ಇನ್ನೇನು ಬೇಕು ಅಲ್ವಾ?

ಮರುದಿನ ಯು4 ಮೆಟ್ರೋದಲ್ಲಿ ಹೀಟ್ಸಿಂಗ್‌ಗೆ ಹೋಗಿ ಇಳಿದು, ಹೀಟ್ಸಿಂಗರ್ ಹೌಪ್ಟ್‌ಸ್ಟ್ರಾಸೆ ಅನ್ನೋ ಉದ್ದನೆಯ ರಸ್ತೆಯಲ್ಲಿ ಸುಮ್ನೆ ನಡೆದೆವು. 101ನೇ ನಂಬರಿನ ಕಟ್ಟಡದಲ್ಲಿ ಅವನ ಸ್ಟುಡಿಯೋ ಇತ್ತು, ಎದುರುಗಡೆ 114ರಲ್ಲಿ ಎಡಿತ್‌ಳ ತವರು. ರಸ್ತೆಯಾಚೆಯ ಹುಡುಗಿಯನ್ನೇ ಅವನು 1915ರ ಜೂನ್‌ನಲ್ಲಿ ಮದುವೆಯಾದ. ನಾಲ್ಕೇ ದಿನಕ್ಕೆ ಸೈನ್ಯದಿಂದ ಕರೆ ಬಂತು. ಯುದ್ಧ ಅವನನ್ನು ಬಿಟ್ಟಿತು, ಜ್ವರ ಬಿಡಲಿಲ್ಲ.

ಅದಕ್ಕೆ ಸ್ಪ್ಯಾನಿಷ್ ಫ್ಲೂ ಅಂತ ಹೆಸರು ಬಂದಿದ್ದು, ಯುದ್ಧದಲ್ಲಿ ಸೇರದ ಸ್ಪೇನ್‌ನ ಪತ್ರಿಕೆಗಳು ಕಾಯಿಲೆಯ ಸುದ್ದಿಯನ್ನು ಮುಚ್ಚಿಡದೆ ಬರೆದವು ಅನ್ನೋ ಕಾರಣಕ್ಕೆ. ಮಾಮೂಲಿ ಫ್ಲೂ ಮುದುಕರನ್ನೂ ಮಕ್ಕಳನ್ನೂ ಹುಡುಕಿದರೆ ಇದು ಇಪ್ಪತ್ತು, ಮೂವತ್ತರ ಗಟ್ಟಿಮುಟ್ಟಾದವರನ್ನು ಜಾಸ್ತಿ ಹಿಡಿಯಿತು, ಬಸುರಿಯರಿಗಂತೂ ತುಂಬಾ ಅಪಾಯ. ಅಕ್ಟೋಬರ್ 27ರಂದು ಶೀಲೆ ತನ್ನ ತಾಯಿಗೆ ಕಾಗದ ಬರೆದ: ಎಡಿತ್‌ಗೆ ಎಂಟು ದಿನದಿಂದ ಜ್ವರ, ನ್ಯುಮೋನಿಯಾ ಆಗಿದೆ, ಆರು ತಿಂಗಳ ಬಸುರಿ, ನಾನು ಎಲ್ಲದಕ್ಕೂ ಸಿದ್ಧನಾಗುತ್ತಿದ್ದೇನೆ ಅಂತ. ಹಾಸಿಗೆ ಪಕ್ಕದಲ್ಲಿ ಕೂತು ಅವಳ ಮುಖದ ಚಿತ್ರವನ್ನೂ ಬರೆದ. 28ಕ್ಕೆ ಅವಳು ಹೋದಳು, 25 ವರ್ಷ. 31ಕ್ಕೆ, ಅದೇ 114ನೇ ನಂಬರಿನ ಅತ್ತೆಮನೆಯಲ್ಲಿ, ಅವನೂ ಹೋದ. 28 ವರ್ಷ. ಅದಾಗಿ ಮೂರು ದಿನಕ್ಕೆ ಆಸ್ಟ್ರಿಯಾ ಕದನವಿರಾಮಕ್ಕೆ ಸಹಿ ಹಾಕಿತು.

ರಸ್ತೆಯ ಈ ಬದಿಯಿಂದ ಆ ಬದಿಗೆ ದಾಟೋಕೆ ನಮಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಓಬರ್ ಸಾಂಕ್ಟ್ ಫೈಟ್ ಸ್ಮಶಾನ ಏರಿನ ಮೇಲಿದೆ, ಹತ್ತುವಾಗ ನನ್ನವಳಿಗೂ ನನಗೂ ಏದುಸಿರು. ಗಂಡಹೆಂಡತಿ ಇಬ್ಬರಿಗೂ ಒಂದೇ ಸಮಾಧಿ. "ಮಗು ಲೆಕ್ಕಕ್ಕೇ ಇಲ್ವಲ್ಲ ರೀ" ಅಂದಳು. ಆಗ ನಾನು ಹಿಂದಿನ ರಾತ್ರಿ ಓದಿದ್ದನ್ನು ಹೇಳಿದೆ: ಆ ಚಿತ್ರದಲ್ಲಿರೋ ಹೆಂಗಸು ಎಡಿತ್ ಅಲ್ಲ. ಮಗುವಿನ ಜಾಗದಲ್ಲಿ ಮೊದಲು ಹೂವಿನ ಗೊಂಚಲು ಇತ್ತಂತೆ, ಆಮೇಲೆ ತನ್ನ ತಂಗಿಯ ಮಗನನ್ನು ನೋಡಿ ಅಲ್ಲಿ ಕೂಸನ್ನು ಬರೆದನಂತೆ.

ಅವಳು ಫೋನ್ ತೆಗೆದು ಮುನ್ನಾದಿನದ ಫೋಟೋ ದೊಡ್ಡದು ಮಾಡಿ, ಮಗುವಿನ ಮುಖವನ್ನು ತುಂಬಾ ಹೊತ್ತು ನೋಡಿದಳು.