ಲವಂಗದೆಣ್ಣೆಯ ಮೇಲೆ ಗಟ್ಟಿಯಾಗದ ಸಿಮೆಂಟು

ದಾವಣಗೆರೆಯಲ್ಲಿ ಹಲ್ಲಿನ ಚಿಕಿತ್ಸಾಲಯ ನಡೆಸುವ ನನಗೆ ಲವಂಗದ ವಾಸನೆ ಬಡಿಯದ ದಿನವಿಲ್ಲ. ಅದರ ಮೂಲ ಯೂಜಿನಾಲ್. ಲವಂಗದ ಮೊಗ್ಗಿನ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇ. 70ರಿಂದ 90ರಷ್ಟು ಇರುವುದು ಇದೇ. ಇದನ್ನು ಜಿಂಕ್ ಆಕ್ಸೈಡ್ ಪುಡಿಯೊಂದಿಗೆ ಗಾಜಿನ ಫಲಕದ ಮೇಲೆ ಕಲಸಿ ಹುಳುಕಿಗೆ ತುಂಬಿದರೆ ನೋವೂ ತಗ್ಗುತ್ತದೆ, ತಾತ್ಕಾಲಿಕ ಸಿಮೆಂಟೂ ಆಗುತ್ತದೆ.

ಕೆಲವು ವರ್ಷಗಳ ಹಿಂದೆ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೆ ಹೀಗೆ ತುಂಬಿ ಕಳುಹಿಸಿದ್ದೆ. ಕೊಯ್ಲಿನ ಕೆಲಸ ಇದ್ದುದರಿಂದ ಅವರು ಮೂರನೆಯ ದಿನವೇ ಬಂದು ಶಾಶ್ವತ ಸಿಮೆಂಟು ಹಾಕಿಬಿಡಿ ಎಂದರು. ನಾನೂ ಒಪ್ಪಿ ಹಲ್ಲಿನ ಬಣ್ಣದ ರಾಳದ ಮಿಶ್ರಣವಾದ ಕಾಂಪೋಸಿಟ್ ತುಂಬಿದೆ. ಒಂಬತ್ತು ದಿನಕ್ಕೆ ಅವರು ಕಾಗದದ ಪೊಟ್ಟಣ ಬಿಚ್ಚಿ, "ನೋಡ್ರಿ ಡಾಕ್ಟ್ರೇ, ತಳ ಇನ್ನೂ ಮೆತ್ತಗೈತ್ರಿ" ಎಂದು ಉದುರಿದ ತುಂಡನ್ನು ನನ್ನ ಮುಂದಿಟ್ಟರು.

ನಾನು ಮೊದಲು ಸಂಶಯಪಟ್ಟದ್ದು ಕಾಂಪೋಸಿಟನ್ನು ಗಟ್ಟಿಗೊಳಿಸುವ ನೀಲಿ ಬೆಳಕಿನ ಯಂತ್ರವನ್ನು. ಆದರೆ ಹುಳುಕನ್ನು ಮತ್ತೆ ಕೊರೆದಾಗ ಲವಂಗದ ವಾಸನೆ ಮೇಲೆದ್ದಿತು. ಬೆಳಕು ಬಿದ್ದಾಗ ಹುಟ್ಟುವ, ಬೇರೆ ಅಣುಗಳೊಂದಿಗೆ ತಕ್ಷಣ ಕೂಡಿಕೊಳ್ಳುವ ಮುಕ್ತ ರ‍್ಯಾಡಿಕಲ್‌ಗಳು ಅಣುಗಳನ್ನು ಸರಪಳಿಯಂತೆ ಬೆಸೆದರೆ ಮಾತ್ರ ಕಾಂಪೋಸಿಟ್ ಗಟ್ಟಿಯಾಗುತ್ತದೆ. ಫೀನಾಲ್ ವರ್ಗಕ್ಕೆ ಸೇರಿದ ಯೂಜಿನಾಲ್ ಆ ರ‍್ಯಾಡಿಕಲ್‌ಗಳನ್ನೇ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಇದು ಓದುವಾಗ ಬರೆದು ಅಂಕ ಗಳಿಸಿದ್ದ ಉತ್ತರವೇ. ಮೇಲಾಗಿ ಅಂದು ಅವಸರದಲ್ಲಿ ಪುಡಿ ಕಡಿಮೆ ಹಾಕಿ ತೆಳ್ಳಗೆ ಕಲಸಿದ್ದೆ; ಸತುವಿನೊಂದಿಗೆ ಕೂಡದೆ ಉಳಿದ ಯೂಜಿನಾಲ್ ಹಲ್ಲಿನ ಒಳಪದರವಾದ ದಂತದ್ರವ್ಯದೊಳಕ್ಕೆ ಇಳಿದಿತ್ತು.

ವಿಚಾರಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು: ಆ ನಡುವೆ ನೋವು ಕಂಡಾಗಲೆಲ್ಲ ಅವರು ಅಂಗಡಿಯ ಲವಂಗದೆಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಅದೇ ಹಲ್ಲಿನ ಬುಡಕ್ಕೆ ಒತ್ತಿಕೊಂಡಿದ್ದರು, ಪಕ್ಕದ ಒಸಡು ಸುಟ್ಟು ಬೆಳ್ಳಗಾಗಿತ್ತು. ಹದ ಮೀರಿದರೆ ನೋವು ಶಮನಗೊಳಿಸುವ ಈ ವಸ್ತುವೇ ಒಸಡಿನ ಜೀವಕೋಶಗಳನ್ನು ಸುಡುತ್ತದೆ.

ಯೂಜಿನಾಲ್ ಇಲ್ಲದ ತಾತ್ಕಾಲಿಕ ಸಿಮೆಂಟು ತುಂಬಿ, ಹತ್ತು ದಿನ ಬಿಟ್ಟು, ಒಳಗೋಡೆಯನ್ನು ಚೆನ್ನಾಗಿ ಶುಚಿಗೊಳಿಸಿದ ಮೇಲೆ ಕಾಂಪೋಸಿಟ್ ಹಾಕಿದೆ. ಶುಲ್ಕ ತೆಗೆದುಕೊಳ್ಳಲಿಲ್ಲ; ಆದರೂ ಎರಡು ಸಲದ ಬಸ್ ಪ್ರಯಾಣದ ಬಗ್ಗೆ ಅವರು ಗೊಣಗಿದ್ದು ನ್ಯಾಯವೇ ಆಗಿತ್ತು. ಈಗ ರೋಗಿಯ ಚೀಟಿಯಲ್ಲಿ "ಮನೆಯಲ್ಲಿ ಹಲ್ಲಿಗೆ ಏನು ಹಚ್ಚಿದಿರಿ?" ಎಂಬ ಪ್ರಶ್ನೆಗೆ ಒಂದು ಸಾಲು ಬಿಟ್ಟಿದ್ದೇನೆ.