ಋಷಿಗಳನ್ನೂ ಒಪ್ಪದ ಮದುಮಗಳು

ನಿನ್ನೆ ಚಿಕ್ಕಮ್ಮನ ಮಗಳ ಮದುವೆ. ಹಿಂದಿನ ರಾತ್ರಿ ಹೂ ಕಟ್ಟುತ್ತಾ ಕೂತಿದ್ದಾಗ ದೊಡ್ಡಮ್ಮ ಲಕ್ಷ್ಮೀ ಶೋಭಾನೆ ಶುರು ಮಾಡಿದರು. ಪುಸ್ತಕ ಬೇಕಾಗಲಿಲ್ಲ. ಬೆರಳು ಮಲ್ಲಿಗೆ ಪೋಣಿಸುತ್ತಲೇ ಇತ್ತು, ನುಡಿ ಒಂದಾದ ಮೇಲೊಂದು ಬರುತ್ತಲೇ ಇತ್ತು.

ಚಿಕ್ಕಂದಿನಿಂದ ಕೇಳಿದ ಹಾಡು. ಅರ್ಥ ಮನಸ್ಸಿಗೆ ತಟ್ಟಿದ್ದು ಮಾತ್ರ ಮೊನ್ನೆ ರಾತ್ರಿಯೇ. ಕಡಲಿನಿಂದ ಎದ್ದು ಬಂದ ಲಕ್ಷ್ಮಿ ಮಾಲೆ ಹಿಡಿದು ಒಬ್ಬೊಬ್ಬರನ್ನೇ ನೋಡುತ್ತಾಳೆ. ದೊಡ್ಡ ತಪಸ್ವಿಗಳು, ಸರಿ. ಆದರೆ ಸಿಟ್ಟು ಬಂದರೆ ಶಾಪ ಕೊಡುವವರು, ಹೆಣ್ಣನ್ನು ಇವರು ಒಲಿಸುವುದುಂಟೇ? ಶಾಸ್ತ್ರವೆಲ್ಲ ಓದಿದ ಗುರುಗಳು, ದುಡ್ಡಿಗೆ ಮರುಳು. ಅವರೂ ಬೇಡ. ಹೀಗೆ ಎಲ್ಲರನ್ನೂ ದಾಟಿ ಕೊನೆಗೆ ನಾರಾಯಣನ ಕೊರಳಿಗೆ ಮಾಲೆ ಹಾಕುತ್ತಾಳೆ.

ಇದನ್ನು ಬರೆದವರು ಸೋದೆಯ ವಾದಿರಾಜರು. ಸನ್ಯಾಸಿ, ಮಠದ ಯತಿ, ಸ್ವತಃ ಗುರು! ಆದರೂ ಗುರುಗಳನ್ನೂ ಬಿಡಲಿಲ್ಲ. ಸಂಸ್ಕೃತದಲ್ಲಿ ದೊಡ್ಡ ದೊಡ್ಡ ಗ್ರಂಥ ಬರೆದವರು, ಹೆಂಗಸರು ಹಾಡಲೆಂದು ಕನ್ನಡದಲ್ಲಿ ಇಷ್ಟು ಸಲೀಸಾಗಿ ಬರೆದರಲ್ವಾ! ಹುಡುಗಿಯ ಮನಸ್ಸು ಅವರಿಗೆ ಎಷ್ಟು ಗೊತ್ತಿತ್ತು ಅನ್ನಿಸಿ ಕಣ್ಣು ತುಂಬಿ ಬಂತು.

ಮದುಮಗಳು ಅಷ್ಟರಲ್ಲಿ ದೊಡ್ಡಮ್ಮನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ‘ಆ ನುಡಿ ಇನ್ನೊಂದು ಸಲ ಹೇಳಿ ದೊಡ್ಡಮ್ಮ’ ಅಂದಳು. ಹೇಳಿದರು.