ಸ್ಕ್ರಿಪ್ಟ್ ಕೊಡದೆ ತೆಗೆದ ಸಿನಿಮಾ: ಫರ್ನಾಂಡೊ ಮೆಯ್ರೆಲ್ಲೆಸ್

1955ರಲ್ಲಿ ಸಾವೊ ಪೌಲೊದಲ್ಲಿ ಹುಟ್ಟಿದ ಬ್ರೆಜಿಲ್‌ನ ಸಿನಿಮಾ ನಿರ್ದೇಶಕ ಫರ್ನಾಂಡೊ ಮೆಯ್ರೆಲ್ಲೆಸ್ ಓದಿದ್ದು ವಾಸ್ತುಶಿಲ್ಪ. 1980ರ ದಶಕದಲ್ಲಿ ಗೆಳೆಯರ ಜೊತೆ ಸೇರಿ ಸ್ವತಂತ್ರ ವಿಡಿಯೊ ತಂಡ ಕಟ್ಟಿದರು, ಟಿವಿ ಕುಲ್ತೂರಾ ವಾಹಿನಿಗೆ ಮಕ್ಕಳ ಕಾರ್ಯಕ್ರಮ ಮಾಡಿದರು, ಓ2 ಫಿಲ್ಮೆಸ್ ಸಂಸ್ಥೆ ಶುರುಮಾಡಿ ವರ್ಷಗಟ್ಟಲೆ ಜಾಹೀರಾತು ತೆಗೆದರು. ರಿಯೊ ಡಿ ಜನೈರೊದ ಬಡ ಬಡಾವಣೆಯೊಂದರ ಗ್ಯಾಂಗುಗಳ ಕಥೆ ಹೇಳುವ ಅವರ ‘ಸಿಟಿ ಆಫ್ ಗಾಡ್’ (2002) ನೋಡಿದವರು ಅದರ ವೇಗವನ್ನೆಲ್ಲ ಜಾಹೀರಾತಿನ ಲೆಕ್ಕಕ್ಕೆ ಹಾಕುವುದುಂಟು. ನನಗದು ಒಪ್ಪಿಗೆಯಿಲ್ಲ. ಆ ಸಿನಿಮಾದ ಜೀವ ಇರುವುದು ಶೂಟಿಂಗ್‌ಗೆ ಮೊದಲು ನಡೆದ ತಿಂಗಳುಗಳ ತಯಾರಿಯಲ್ಲಿ.

ರಿಯೊದ ಬಡ ಬಡಾವಣೆಗಳ ಸುಮಾರು 2000 ಹುಡುಗರನ್ನು ನೋಡಿ, 200ರಷ್ಟು ಮಂದಿಯನ್ನು ಆರಿಸಿ ತಿಂಗಳುಗಟ್ಟಲೆ ಕಾರ್ಯಾಗಾರ ನಡೆಸಿದರು. ಅಂಥದ್ದೇ ಬಡಾವಣೆಯಾದ ವಿಡಿಗಾಲ್‌ನ ‘ನೋಸ್ ದು ಮೋಹು’ ರಂಗತಂಡ ಇದಕ್ಕೆ ಬೆನ್ನೆಲುಬಾಯಿತು. ಸಹನಿರ್ದೇಶಕಿ ಕಾಟಿಯಾ ಲುಂಡ್ ಅವರ ಪಾಲು ಇಲ್ಲಿ ದೊಡ್ಡದು. ನಿರ್ದೇಶನದ ಆಸ್ಕರ್ ನಾಮನಿರ್ದೇಶನದಲ್ಲಿ ಅವರ ಹೆಸರು ಇಲ್ಲದಿದ್ದದ್ದು ಅನ್ಯಾಯವೇ. ಹುಡುಗರ ಕೈಗೆ ಸ್ಕ್ರಿಪ್ಟ್ ಕೊಡುತ್ತಿರಲಿಲ್ಲ. ಸನ್ನಿವೇಶ ಹೇಳುವುದು, ಅವರವರ ಮಾತಲ್ಲೇ ಆಡಿಸುವುದು, ಚೆನ್ನಾಗಿ ಬಂದದ್ದನ್ನು ಚಿತ್ರಕಥೆಗೆ ಸೇರಿಸುವುದು. ಗ್ಯಾಂಗಿನವರು ಹೊಡೆದಾಟಕ್ಕೆ ಹೊರಡುವ ಮುಂಚೆ ಕೈ ಹಿಡಿದು ಪ್ರಾರ್ಥಿಸುವ ದೃಶ್ಯವಿದೆಯಲ್ಲ, ಅದು ಬಂದದ್ದು ಆ ಬದುಕು ಕಂಡಿದ್ದ ಹುಡುಗನೊಬ್ಬನ ಸಲಹೆಯಿಂದ.

ಇಂಥ ನಟರಿಗೆ ನೆಲದ ಮೇಲೆ ಗುರುತು ಹಾಕಿ ‘ಇಲ್ಲೇ ನಿಲ್ಲು’ ಅಂದರೆ ಕೆಲಸ ಕೆಡುತ್ತದೆ. ಕಣ್ಣು ಗುರುತಿನ ಕಡೆ ಹೋಗುತ್ತದೆ, ಮಾತು ಸತ್ತುಹೋಗುತ್ತದೆ. ಅದಕ್ಕೇ ಛಾಯಾಗ್ರಾಹಕ ಸೀಸರ್ ಶಾರ್ಲೋನ್ ಒಬ್ಬೊಬ್ಬರ ಮುಖಕ್ಕೆ ಲೈಟ್ ಇಡದೆ ಇಡೀ ಜಾಗವನ್ನು ಬೆಳಗಿಸಿ, ಹುಡುಗರು ಹೋದ ಕಡೆ ಕ್ಯಾಮೆರಾ ಒಯ್ದರು. ಆದರೂ ಅಂಕೆ ತಪ್ಪಲಿಲ್ಲ: 1960ರ ದಶಕದ ಭಾಗಕ್ಕೆ ಹೊಂಬಣ್ಣದ ಬಿಸಿಲು, ನಿಂತ ಕ್ಯಾಮೆರಾ, ಕಥೆ ಕೆಟ್ಟದಾಗುತ್ತಾ ಹೋದಂತೆ ಬಣ್ಣ ತಣ್ಣಗಾಗಿ, ಕ್ಯಾಮೆರಾ ಹೆಗಲಿಗೇರುತ್ತದೆ. ಬರೀ ಅಲುಗಾಟ ನಕಲು ಮಾಡಿದವರು ಎಡವುವುದು ಇಲ್ಲೇ. ಆರಂಭದ ನಿಶ್ಚಲತೆ ಇಲ್ಲದಿದ್ದರೆ ಕೊನೆಯ ಗಲಿಬಿಲಿ ತಟ್ಟುವುದಿಲ್ಲ.

ಇದಕ್ಕೂ ಮೊದಲು, 2000ದಲ್ಲಿ, ಮೆಯ್ರೆಲ್ಲೆಸ್ ಮತ್ತು ಲುಂಡ್ ಇಬ್ಬರೂ ‘ಪ್ಯಾಲೇಸ್ 2’ ಎಂಬ ಕಿರುಚಿತ್ರ ತೆಗೆದು ವಿಧಾನವನ್ನು ಪರೀಕ್ಷಿಸಿದ್ದರು. ಅದರ ಇಬ್ಬರು ಪುಟ್ಟ ಹುಡುಗರೇ ಮುಂದೆ ಗ್ಲೋಬೊ ವಾಹಿನಿಯ ‘ಸಿಟಿ ಆಫ್ ಮೆನ್’ ಧಾರಾವಾಹಿಯ (2002–05) ನಾಯಕರಾದರು. ಸಿನಿಮಾದಷ್ಟೇ ಗಮನ ಈ ಧಾರಾವಾಹಿಗೂ ಸಲ್ಲಬೇಕು. ಗುಂಡಿನ ಸದ್ದಿನಾಚೆ ಅಲ್ಲಿನವರ ದಿನಗಳು ಹೇಗೆ ಕಳೆಯುತ್ತವೆ ಅನ್ನುವುದು ಕಾಣುವುದು ಅದರಲ್ಲಿ.

2004ರ ಆಸ್ಕರ್‌ಗೆ ‘ಸಿಟಿ ಆಫ್ ಗಾಡ್’ ನಾಲ್ಕು ನಾಮನಿರ್ದೇಶನ ಪಡೆಯಿತು: ನಿರ್ದೇಶನ, ಚಿತ್ರಕಥೆ, ಛಾಯಾಗ್ರಹಣ, ಸಂಕಲನ. ಆಮೇಲೆ ‘ದ ಕಾನ್‌ಸ್ಟಂಟ್ ಗಾರ್ಡನರ್’ (2005) ಚಿತ್ರಕ್ಕಾಗಿ ನೈರೋಬಿಯ ಕಿಬೇರಾ ಕೊಳೆಗೇರಿಯಲ್ಲೇ ಕ್ಯಾಮೆರಾ ಇಟ್ಟರು. ರೇಚಲ್ ವೈಸ್ ಪೋಷಕ ನಟಿ ಆಸ್ಕರ್ ಗೆದ್ದರು. 2008ರ ‘ಬ್ಲೈಂಡ್‌ನೆಸ್’ ಕಾನ್ ಉತ್ಸವದ ಉದ್ಘಾಟನಾ ಚಿತ್ರ. 2016ರ ರಿಯೊ ಒಲಿಂಪಿಕ್ಸ್ ಉದ್ಘಾಟನೆಯ ನಿರ್ದೇಶಕರಲ್ಲೂ ಅವರೊಬ್ಬರು. ‘ದ ಟು ಪೋಪ್ಸ್’ (2019) ಹೊತ್ತಿಗೆ ಜಾಗ ಸಿಗದ ಸಮಸ್ಯೆ: ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್ ಒಳಗೆ ಶೂಟಿಂಗ್‌ಗೆ ಅವಕಾಶ ಸಿಗಲಿಲ್ಲ. ರೋಮ್‌ನ ಚಿನೆಚಿತ್ತಾ ಸ್ಟುಡಿಯೊದಲ್ಲಿ ಅದರ ಪ್ರತಿಕೃತಿಯನ್ನೇ ಕಟ್ಟಿಸಿ ಚಿತ್ರೀಕರಿಸಿದರು.